ಚಂದಾ ಕಟ್ಟಿ ನೋಡುವ ಹರ್ಲಿಂಗ್

ಕೋಲಿನಿಂದ ಚೆಂಡು ಹೊಡೆದು ಆಡುವ ಐರ್ಲೆಂಡಿನ ಹರ್ಲಿಂಗ್ ಮತ್ತು ಅಲ್ಲಿನದೇ ಬಗೆಯ ಕಾಲ್ಚೆಂಡಾಟವಾದ ಗೇಲಿಕ್ ಫುಟ್‌ಬಾಲ್ ಪಂದ್ಯಗಳ ಪ್ರಸಾರದ ಹಕ್ಕಿನ ಜಗಳವನ್ನು ನಾನು ದೂರದಿಂದಲೇ ಕುತೂಹಲದಿಂದ ಗಮನಿಸುತ್ತ ಬಂದಿದ್ದೇನೆ. 2014ರಲ್ಲಿ ಆ ಆಟಗಳ ಆಡಳಿತ ಸಂಸ್ಥೆಯಾದ ಜಿಎಎ ಮೊದಲ ಬಾರಿಗೆ ಚಾಂಪಿಯನ್‌ಷಿಪ್‌ನ 14 ಪಂದ್ಯಗಳನ್ನು ಸ್ಕೈ ವಾಹಿನಿಗಷ್ಟೇ ಮೀಸಲಿಟ್ಟಾಗ, ಸಂಬಳವಿಲ್ಲದೆ ಊರಿನ ಹೆಮ್ಮೆಗಾಗಿ ಆಡುವವರ ಆಟವನ್ನು ಚಂದಾ ಕಟ್ಟಿ ನೋಡಬೇಕೇ ಎಂದು ಅಭಿಮಾನಿಗಳು ಸಿಟ್ಟಾಗಿದ್ದರು. ಸ್ಕೈ ಹೊರನಡೆದ ಮೇಲೂ ಆ ಸಿಟ್ಟು ತಣಿಯಲಿಲ್ಲ. 2023ರಲ್ಲಿ ಮನ್‌ಸ್ಟರ್ ಪ್ರಾಂತ್ಯದ ಸೊಗಸಾದ ಕೆಲವು ಹರ್ಲಿಂಗ್ ಪಂದ್ಯಗಳು, ಸಾರ್ವಜನಿಕ ವಾಹಿನಿ ಆರ್‌ಟಿಇ ಮತ್ತು ಜಿಎಎ ಸೇರಿ ನಡೆಸುತ್ತಿದ್ದ ಜಿಎಎಗೋ ಎಂಬ ಅಂತರ್ಜಾಲ ಸೇವೆಯಲ್ಲಿ, ಹಣ ತೆತ್ತವರಿಗೆ ಮಾತ್ರ ದೊರೆತವು. ಹೊರದೇಶಗಳಲ್ಲಿರುವ ಐರಿಷರಿಗೆಂದು ಶುರುವಾದ ಸೇವೆ ಮನೆಯವರಿಗೇ ಬಾಗಿಲು ಹಾಕಿದಂತಾಯಿತು. ಹಣದ ಮಾತು ಹಾಗಿರಲಿ, ಹಳ್ಳಿಯಲ್ಲಿ ಒಂಟಿಯಾಗಿರುವ, ಅಂತರ್ಜಾಲದ ಗೊಡವೆಗೇ ಹೋಗದ ಹಿರಿಯರು ಏನು ಮಾಡಬೇಕೆಂಬ ಪ್ರಶ್ನೆಯೇ ನನಗೆ ಹೆಚ್ಚು ನ್ಯಾಯವಾಗಿ ಕಂಡಿತು. 1926ರಷ್ಟು ಹಿಂದೆಯೇ ಹರ್ಲಿಂಗ್ ಪಂದ್ಯದ ವೀಕ್ಷಕ ವಿವರಣೆಯನ್ನು ರೇಡಿಯೊದಲ್ಲಿ ಕೇಳಿಸಿಕೊಂಡ ನಾಡು ಅದು. ಅಖಿಲ ಐರ್ಲೆಂಡ್ ಫೈನಲ್‌ಗಳು ಈಗಲೂ ಉಚಿತವೆನ್ನುವುದು ನಿಜ, ಆದರೆ ಅಭಿಮಾನಿ ಬದುಕುವುದು ಮೇ ತಿಂಗಳ ಪ್ರಾಂತೀಯ ಪಂದ್ಯಗಳಲ್ಲಿ. 2025ರಲ್ಲಿ ಆ ಸೇವೆ ಜಿಎಎ ಪ್ಲಸ್ ಎಂದು ಹೆಸರು ಬದಲಿಸಿಕೊಂಡಿತು. ಚಂದಾ ಮಾತ್ರ ಉಳಿಯಿತು.