‘ಮೋರ್ ಟಾಲರ್’ ಎಂಬ ತಪ್ಪಿನ ಹಿಂದೆ

ಸ್ನೇಹಿತರೊಬ್ಬರು ವಯಸ್ಕರಿಗಾಗಿ ನಡೆಸುವ ಇಂಗ್ಲಿಷ್ ತರಗತಿಗೆ ಒಂದು ಸಂಜೆ ಅವರ ಬದಲಿಗೆ ನಾನು ಹೋಗಬೇಕಾಯಿತು. ಅಂದಿನ ಪಾಠ ಡಿಗ್ರೀಸ್ ಆಫ್ ಕಂಪ್ಯಾರಿಸನ್, ಅಂದರೆ ಹೋಲಿಕೆಗಾಗಿ ಗುಣವಾಚಕಗಳು ತಳೆಯುವ ರೂಪಗಳು. ಟಾಲ್, ಟಾಲರ್, ಟಾಲೆಸ್ಟ್ ಎಂದು ಶಾಲೆಯಲ್ಲಿ ರಾಗವಾಗಿ ಬಾಯಿಪಾಠ ಮಾಡಿದವರೇ ಅಲ್ಲಿ ಹೆಚ್ಚಿನವರಾಗಿದ್ದರೂ, ಅಣ್ಣತಮ್ಮಂದಿರಿಬ್ಬರನ್ನು ಹೋಲಿಸಿ ಒಂದು ವಾಕ್ಯ ಬರೆಯಲು ಹೇಳಿದಾಗ ಹಲವರ ಪುಸ್ತಕಗಳಲ್ಲಿ ‘ಮೋರ್ ಟಾಲರ್’ ಕಾಣಿಸಿಕೊಂಡಿತು.

ಅದನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಬಹುದು, ಆದರೆ ಅದು ಮರುದಿನ ಮತ್ತೆ ಹಾಜರಾಗುತ್ತದೆ. ಕನ್ನಡದಲ್ಲಿ ‘ಅಣ್ಣನಿಗಿಂತ ತಮ್ಮ ಎತ್ತರ’ ಎನ್ನುವಾಗ ‘ಎತ್ತರ’ ಇದ್ದಂತೆಯೇ ಇರುತ್ತದೆ. ಹೋಲಿಕೆಯ ಭಾರವನ್ನೆಲ್ಲ ಅಣ್ಣನಿಗೆ ಅಂಟಿದ ‘ಇಂತ’ ಹೊರುತ್ತದೆ. ‘ಎಲ್ಲರಿಗಿಂತ’ ಎಂದರೆ ಟಾಲೆಸ್ಟ್‌ನಂಥ ಸೂಪರ್ಲೇಟಿವ್ ಕೂಡ ಮುಗಿಯಿತು. ಇಂಗ್ಲಿಷಾದರೋ ದ್ಯಾನ್ ಇದ್ದರೂ ಸಾಲದೆಂದು ಗುಣವಾಚಕವೇ ರೂಪ ಬದಲಿಸಬೇಕೆನ್ನುತ್ತದೆ. ‘ಹೆಚ್ಚು ಎತ್ತರ’ ಎಂದು ಹೇಳಿ ರೂಢಿಯಿರುವ ನಾವು ಹೆಚ್ಚಿಗೆ ಸಮನಾಗಿ ಮೋರ್ ತಂದು, ಬಾಯಿಪಾಠದ ಟಾಲರನ್ನೂ ಬಿಡಲಾರದೆ, ಎರಡನ್ನೂ ಜೊತೆಗಿಡುತ್ತೇವೆ.

ಇಂಗ್ಲಿಷರು ಹೀಗೆ ಎಂದೂ ಬರೆದಿಲ್ಲವೇ ಎಂದು ಒಬ್ಬರು ಕೇಳಿದರು. ಬರೆದಿದ್ದಾರೆ. ಷೇಕ್ಸ್‌ಪಿಯರ್‌ನ ಜೂಲಿಯಸ್ ಸೀಸರ್ ನಾಟಕದಲ್ಲಿ ಆಂಟನಿ ಬ್ರೂಟಸ್‌ನ ಇರಿತವನ್ನು ‘ಮೋಸ್ಟ್ ಅನ್‌ಕೈಂಡೆಸ್ಟ್’ ಎನ್ನುತ್ತಾನೆ. ಅಂದಿಗೆ ಅದು ಮಾತಿಗೆ ಒತ್ತು ಕೊಡುವ ಬಗೆ. ಇಂಥ ಜೋಡಿ ರೂಪಗಳನ್ನು ತಪ್ಪೆಂದವರಲ್ಲಿ 1762ರಲ್ಲಿ ಇಂಗ್ಲಿಷ್ ವ್ಯಾಕರಣ ಪ್ರಕಟಿಸಿದ ರಾಬರ್ಟ್ ಲೌತ್ ಒಬ್ಬರು. ಈ ಸಮರ್ಥನೆ ಪರೀಕ್ಷೆಯಲ್ಲಿ ಅಂಕ ತರುವುದಿಲ್ಲವೆಂದು ಎಚ್ಚರಿಸಿಯೇ ಮುಂದೆ ಹೋದೆ.

ಹೆಚ್ಚು ಹೊತ್ತು ಹಿಡಿದದ್ದು ಟಾಲರ್‌ನ ಕೊನೆಯಲ್ಲಿರುವ ಇಆರ್ ಯಾವುದಕ್ಕೆ, ಮೋರ್ ಯಾವುದಕ್ಕೆ ಎಂಬ ಪ್ರಶ್ನೆ. ಚಿಕ್ಕ ಪದಕ್ಕೆ ಇಆರ್, ದೊಡ್ಡದಕ್ಕೆ ಮೋರ್ ಎಂದು ಕಲಿತವರು ಅಕ್ಷರ ಎಣಿಸುತ್ತಾರೆ. ಸ್ಟ್ರಾಂಗ್ ಎಂಬುದರಲ್ಲಿ ಆರು ಅಕ್ಷರಗಳಿರುವುದರಿಂದ ಅದನ್ನು ದೊಡ್ಡದರ ಸಾಲಿಗೆ ಸೇರಿಸುತ್ತಾರೆ. ಎಣಿಸಬೇಕಾದದ್ದು ಬಾಯಲ್ಲಿ ಕೇಳುವ ಸ್ವರಗಳನ್ನು. ಈ ವಿಷಯದಲ್ಲಿ ಕನ್ನಡ ಲಿಪಿಯೇ ಒಳ್ಳೆಯ ಸಹಾಯಕ: ‘ಸ್ಟ್ರಾಂಗ್’ ಎಂದು ಬರೆದು ನೋಡಿದರೆ ಎಷ್ಟೇ ಒತ್ತಕ್ಷರಗಳಿದ್ದರೂ ಸ್ವರ ಒಂದೇ ಎಂಬುದು ಕಣ್ಣಿಗೆ ಬೀಳುತ್ತದೆ, ‘ಬ್ಯೂಟಿಫುಲ್’ನಲ್ಲಿ ಮೂರು ಸಿಗುತ್ತವೆ. ಆದರೆ ಸ್ಟ್ರಾಂಗು, ಫಾಸ್ಟು ಎಂದು ಕೊನೆಗೆ ಉಕಾರ ಸೇರಿಸುವ ನಮ್ಮ ನಾಲಿಗೆಯನ್ನು ನಂಬಿದರೆ ಲೆಕ್ಕ ಕೆಡುತ್ತದೆ.

ಎರಡು ಸ್ವರದ ಪದಗಳು ಮಾತ್ರ ಯಾರ ಲೆಕ್ಕಕ್ಕೂ ಪೂರ್ತಿ ಸಿಗುವುದಿಲ್ಲ. ಹ್ಯಾಪಿ ಹ್ಯಾಪಿಯರ್ ಆಗುತ್ತದೆ, ನ್ಯಾರೋ ನ್ಯಾರೋವರ್ ಆಗುತ್ತದೆ, ಮಾಡರ್ನ್ ಮತ್ತು ಕೇರ್‌ಫುಲ್‌ಗಳಿಗೆ ಮೋರ್ ಬೇಕು, ಪೊಲೈಟ್ ಎರಡಕ್ಕೂ ಒಪ್ಪುತ್ತದೆ. ಇಲ್ಲಿ ನಿಯಮಕ್ಕಿಂತ ಓದಿನ ಬಳಕೆಯೇ ಮೇಲು ಎಂಬುದು ನನ್ನ ಅಭಿಪ್ರಾಯ. ಕಾಗುಣಿತದಲ್ಲಿ ಬಿಗ್ ಪದದ ಜಿ ಇಮ್ಮಡಿಸುವುದನ್ನೂ, ಎರಡು ಓ ಇರುವ ಕೂಲ್‌ನ ಎಲ್ ಹಾಗೆಯೇ ಉಳಿಯುವುದನ್ನೂ ಹಲಗೆಯ ಮೇಲೆ ಅಕ್ಕಪಕ್ಕ ಬರೆದು ತೋರಿಸಿದ್ದೇ ಸಾಕಾಯಿತು.

ಕೊನೆಗೆ, ಕಚೇರಿಯಲ್ಲಿ ಕೆಲಸ ಮಾಡುವ ಮಹಿಳೆಯೊಬ್ಬರು ‘ಸೀನಿಯರ್ ದ್ಯಾನ್ ಮಿ’ ಎನ್ನಬಹುದೇ ಎಂದು ವಿಚಾರಿಸಿದರು. ಲ್ಯಾಟಿನ್ನಿನಲ್ಲೇ ಟಾಲರ್‌ನಂತೆ ಕಂಪ್ಯಾರಟಿವ್ ರೂಪಗಳಾಗಿದ್ದ ಸೀನಿಯರ್, ಜೂನಿಯರ್, ಸುಪೀರಿಯರ್‌ಗಳ ಮುಂದೆ ದ್ಯಾನ್ ಬದಲು ಟು ಬರುತ್ತದೆ ಎಂದೆ. ಹಾಗಾದರೆ ತಮ್ಮ ಮೇಲಧಿಕಾರಿ ಬರೆಯುವ ‘ಮೋರ್ ಸೀನಿಯರ್ ದ್ಯಾನ್’ ತಪ್ಪೇ ಎಂದು ಅವರು ಕೊಂಚ ಉತ್ಸಾಹದಿಂದಲೇ ಕೇಳಿದರು. ಹುದ್ದೆಯ ಮಾತು ಬಂದಾಗ ಇಂಗ್ಲಿಷರೂ ಹಾಗೆ ಬರೆಯುತ್ತಾರೆ ಎಂದು ನಾನು ಹೇಳಬೇಕಾಯಿತು.