ವಿಜಯಪುರಕ್ಕೆ ಹೋದರೆ ಕೋಟೆಗೂ ಅರ್ಧ ದಿನ ಇಡಿ

ನಮ್ಮ ಹುಬ್ಬಳ್ಳಿ-ಧಾರವಾಡದ ಜನ ವಿಜಯಪುರಕ್ಕೆ ಹೋದರೆ ಗೋಳಗುಮ್ಮಟದಲ್ಲಿ ಕೂಗಿ, ಇಬ್ರಾಹಿಂ ರೋಜಾ ಮುಂದೆ ಫೋಟೊ ತೆಗೆಸಿಕೊಂಡು ವಾಪಸ್ ಬರುತ್ತಾರೆ. ಕೋಟೆ ನೋಡಿದ್ರಾ ಅಂತ ಕೇಳಿದರೆ, ಅದೆಲ್ಲಿದೆ ಅಂತಾರೆ. ಹಳೇ ಊರೇ ಕೋಟೆಯೊಳಗಿದೆ ಅಲ್ವಾ! ಸುತ್ತಳತೆಯೇ ಸುಮಾರು 10 ಕಿ.ಮೀ.

ನವಲಗುಂದ, ನರಗುಂದದ ಮೇಲೆ ಹೋದರೆ ದಾರಿ ಸುಮಾರು 200 ಕಿ.ಮೀ. ನಸುಕಿನಲ್ಲೇ ಹೊರಡಿ. ಕೊಲ್ಹಾರದಲ್ಲಿ ಕೃಷ್ಣಾ ಸೇತುವೆ ಹತ್ತಿರ ಗಡಿಗೆ ಮೊಸರು ಸಿಗುತ್ತದೆ, ಬಿಡಬೇಡಿ. ರೈಲು ಬೇಕೆಂದರೆ ಗದಗ, ಬಾದಾಮಿ, ಬಾಗಲಕೋಟೆ ಮೇಲೆ ಹೋಗುತ್ತದೆ.

ಊರು ಮುಟ್ಟಿದ ತಕ್ಷಣ ಪಶ್ಚಿಮ ದಿಕ್ಕಿನ ಶೆರ್ಜಾ ಬುರುಜಿಗೆ ಹೋಗಿ. ಬಿಸಿಲು ಏರಿದ ಮೇಲೆ ಅಲ್ಲಿ ನಿಲ್ಲೋದು ಕಷ್ಟ. ಮಲಿಕ್-ಎ-ಮೈದಾನ್ ತೋಪು ಇರೋದು ಅಲ್ಲೇ. 1549ರಲ್ಲಿ ಅಹಮದ್‌ನಗರದಲ್ಲಿ ಮಹಮ್ಮದ್ ಬಿನ್ ಹುಸೇನ್ ರೂಮಿ ಎರಕ ಹೊಯ್ದದ್ದು. ತೂಕ ಸುಮಾರು 55 ಟನ್. ತೋಪಿನ ಬಾಯಿಯನ್ನು ಹತ್ತಿರದಿಂದ ನೋಡಿ: ಸಿಂಹದಂಥ ಮೃಗ ಬಾಯಿ ತೆರೆದಿದೆ, ಹಲ್ಲಿನ ನಡುವೆ ಆನೆ ಸಿಕ್ಕಿಕೊಂಡಿದೆ. ಎದುರಿಗೆ ಬಂದವನು ಗುಂಡು ಬೀಳುವ ಮೊದಲೇ ಹೆದರಬೇಕು, ಅದಕ್ಕೇ ಹೀಗೆ ಮಾಡಿದ್ದಾರೆ ಅಂತ ನನಗನಿಸುತ್ತದೆ.

ಅಲ್ಲಿಂದ ಉಪ್ಲಿ ಬುರುಜು ಹತ್ತಿರ. ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ಇದೇ. ಇದು ಕೋಟೆಗೋಡೆಗೆ ಅಂಟಿಕೊಂಡಿಲ್ಲ, ಒಳಗಡೆ ಎತ್ತರದ ಜಾಗದಲ್ಲಿ ಒಂಟಿಯಾಗಿ ನಿಂತಿದೆ. ಎತ್ತರ ಸುಮಾರು 80 ಅಡಿ. ಹೈದರ್ ಖಾನ್ ಅನ್ನೋ ಸರದಾರ ಕಟ್ಟಿಸಿದ್ದು. ಮೇಲಿರುವ ಉದ್ದನೆಯ ತೋಪು ಮಲಿಕ್-ಎ-ಮೈದಾನ್ ಹಾಗೆ ಎರಕದ್ದಲ್ಲ. ಕಬ್ಬಿಣದ ಪಟ್ಟಿಗಳನ್ನು ಉದ್ದಕ್ಕೆ ಜೋಡಿಸಿ, ಮೇಲೆ ಬಳೆ ತೊಡಿಸಿ ಬೆಸೆದದ್ದು. ಎರಡನ್ನೂ ಒಂದೇ ಬೆಳಿಗ್ಗೆ ನೋಡಿದರೆ ಈ ವ್ಯತ್ಯಾಸ ತಾನಾಗಿ ಕಣ್ಣಿಗೆ ಬೀಳುತ್ತದೆ. ಮೆಟ್ಟಿಲುಗಳು ಬುರುಜಿನ ಹೊರಮೈ ಸುತ್ತಿಕೊಂಡು ಏರುತ್ತವೆ, ಮಕ್ಕಳಿದ್ದರೆ ಕೈ ಬಿಡಬೇಡಿ.

ಆಮೇಲೆ ಒಂದು ಆಟೊ ಅಥವಾ ಟಾಂಗಾ ಮಾಡಿಕೊಂಡು ಗೋಡೆಗುಂಟ ಸ್ವಲ್ಪ ದೂರ ಹೋಗಿ. 1ನೇ ಅಲಿ ಆದಿಲ್ ಶಾ ಕಟ್ಟಿಸಿದ ಗೋಡೆ ಇದು. ಒಬ್ಬೊಬ್ಬ ಸರದಾರನಿಗೆ ಒಂದೊಂದು ಭಾಗ ವಹಿಸಿದ್ದರಂತೆ, ಅದಕ್ಕೇ ಕೆಲಸ ಎಲ್ಲ ಕಡೆ ಒಂದೇ ತರಹ ಇಲ್ಲ. ಹೊರಗೂ ಒಳಗೂ ಕಲ್ಲು, ನಡುವೆ ಮಣ್ಣು ತುಂಬಿದ್ದಾರೆ. ಮುಂದೆ ಕಂದಕ. ಔರಂಗಜೇಬನ ಸೈನ್ಯ ವರ್ಷಕ್ಕೂ ಜಾಸ್ತಿ ಮುತ್ತಿಗೆ ಹಾಕಿ ಕೂತ ಮೇಲೇ 1686ರಲ್ಲಿ ಈ ಊರು ಶರಣಾಗಿದ್ದು. ಕೆಲವು ಕಡೆ ಗೋಡೆಗೆ ಮನೆಗಳು ಒತ್ತಿಕೊಂಡಿವೆ, ಕಂದಕದಲ್ಲಿ ಕಸ ಬಿದ್ದಿದೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಮಧ್ಯಾಹ್ನ ಜೋಳದ ರೊಟ್ಟಿ ಊಟ ಮುಗಿಸಿ ಗಗನ ಮಹಲಿನ ದೊಡ್ಡ ಕಮಾನು ನೋಡಿ, ಗೋಳಗುಮ್ಮಟವನ್ನು ಸಂಜೆಗೆ ಇಟ್ಟುಕೊಳ್ಳಿ. ಟೋಪಿ, ನೀರು, ಗಟ್ಟಿ ಚಪ್ಪಲಿ ಬೇಕೇ ಬೇಕು. ಏಪ್ರಿಲ್, ಮೇ ತಿಂಗಳಲ್ಲಂತೂ ಹೋಗಬೇಡಿ. ನವೆಂಬರ್‌ನಿಂದ ಫೆಬ್ರವರಿವರೆಗೆ ಚೆನ್ನಾಗಿರುತ್ತದೆ.