ಅಜ್ಜ ಇಳಿದ ದಕ್ಕೆ

ನನ್ನ ಆಫೀಸ್ ಇರುದು ಮುಂಬೈಯ ಬ್ಯಾಲಾರ್ಡ್ ಎಸ್ಟೇಟಲ್ಲಿ. ಊಟ ಆದ ಮೇಲೆ ಒಂದು ರೌಂಡ್ ಹಾಕುದು ಅಭ್ಯಾಸ, ಆ ಕಲ್ಲಿನ ಬಿಲ್ಡಿಂಗ್ ನೋಡಿದ್ರೆ ಲಂಡನ್ ಅಂತ ಅನಿಸ್ಬೇಕು, ಅನಿಸ್ಲಿ ಅಂತಲೇ ಜಾರ್ಜ್ ವಿಟೆಟ್ ಡಿಸೈನ್ ಮಾಡಿದ್ದು (ಗೇಟ್‌ವೇ ಆಫ್ ಇಂಡಿಯಾ ಕೂಡ ಇವನದ್ದೇ). ಆದ್ರೆ ಕಾಲಡಿಯ ನೆಲ ಮೊದಲು ಸಮುದ್ರ ಮಾರಾಯ್ರೆ, ಪಕ್ಕದ ಅಲೆಕ್ಸಾಂಡ್ರಾ ಡಾಕ್ ಅಗೆದ ಮಣ್ಣು ಸುರಿದು ಮಾಡಿದ ಜಾಗ.

ರೋಡಿನ ಕೊನೆಗೆ ಬಂದರಿನ ಗೇಟು. ಅದರಾಚೆ ಬ್ಯಾಲಾರ್ಡ್ ಪಿಯರ್. ವಿಲಾಯತಿಯ ಟಪಾಲು ಹಡಗು ಬಂದು ನಿಲ್ತಿದ್ದದ್ದು ಇಲ್ಲಿ, ಅದಕ್ಕೆ ತಾಗಿಯೇ ಒಂದು ರೈಲ್ವೆ ಸ್ಟೇಷನ್ ಇತ್ತು, ಬ್ಯಾಲಾರ್ಡ್ ಪಿಯರ್ ಮೋಲ್ ಅಂತ ಹೆಸರು, ಸಾಹೇಬ್ರು ಹಡಗಿಂದ ಇಳಿದು ನಾಲ್ಕು ಹೆಜ್ಜೆ ಹಾಕಿದ್ರೆ ರೈಲು, ಊರಿನ ಧೂಳು ಬೂಟಿಗೆ ತಾಗುವ ಮೊದಲೇ ಸೀದಾ ಪೇಶಾವರದ ದಾರಿ. 1912ರಲ್ಲಿ ಶುರುವಾದ ಪಂಜಾಬ್ ಲಿಮಿಟೆಡ್, ಈಗಿನ ಪಂಜಾಬ್ ಮೇಲ್, ಸುಮಾರು 2,500 ಕಿಲೋಮೀಟರ್ ಓಡ್ತಿದ್ದದ್ದು ಬರೀ 96 ಜನರಿಗೋಸ್ಕರ. ಮೂರು ಡಬ್ಬಿ ಜನಕ್ಕೆ, ಮೂರು ಟಪಾಲಿಗೆ. ನಮ್ಮ ವಿರಾರ್ ಲೋಕಲಲ್ಲಿ ಬಾಗಿಲಿಗೆ ನೇತಾಡುವವರೇ ಅಷ್ಟು ಇರ್ತಾರೆ! 1931 ಡಿಸೆಂಬರ್ 28ಕ್ಕೆ ದುಂಡುಮೇಜಿನ ಸಭೆಯಿಂದ ಬರಿಗೈಲಿ ಬಂದ ಗಾಂಧೀಜಿ ಇಳಿದದ್ದೂ ಈ ಪಿಯರಲ್ಲೇ, ವಾರ ಕಳೆಯುವಾಗ ಜೈಲು.

ಹಳೇ ಫೋಟೋ ಎಲ್ಲ ಈ ಪಿಯರಿನದ್ದೇ. ನಮ್ಮಜ್ಜ ಇಳಿದ ದಕ್ಕೆಯದ್ದು (ದಕ್ಕೆ ಅಂದ್ರೆ ಹಡಗುಕಟ್ಟೆ) ಹುಡುಕಿದ್ರೂ ಸಿಗುದು ಕಷ್ಟ. ಅವರು ಮಂಗಳೂರಿಂದ ಸ್ಟೀಮರ್ ಹತ್ತಿ ಬಂದು ಇಳಿದದ್ದು ಇಲ್ಲಿಂದ ಸ್ವಲ್ಪ ಉತ್ತರಕ್ಕೆ, ಭಾವುಚಾ ಧಕ್ಕಾದಲ್ಲಿ ಅಂತ ಅಜ್ಜಿ ಹೇಳ್ತಿದ್ರು, ಅವರ ಬಾಯಲ್ಲಿ ಅದು ‘ಬೊಂಬಾಯಿ ದಕ್ಕೆ’, ಮಂಗಳೂರಲ್ಲೂ ದಕ್ಕೆ ಇಲ್ಲೂ ದಕ್ಕೆ, ಹಾಗಾಗಿ ಪರವೂರು ಅಂತ ಅನಿಸ್ಲೇ ಇಲ್ವಂತೆ. ಪತ್ತನಾಜೆ (ಮಳೆಗಾಲಕ್ಕೆ ಮೊದಲು, ಮೇ ಕೊನೆಗೆ ಬರುವ ತುಳುವರ ದಿನ) ಬಂತಂದ್ರೆ ಯಕ್ಷಗಾನ ಮೇಳವೂ ಬಂದ್, ಸ್ಟೀಮರೂ ಬಂದ್, ಮಳೆ ಮುಗಿಯುವವರೆಗೆ ಊರಿನ ಸುದ್ದಿಗೆ ಕಾಗದವೇ ಗತಿ.

ಮಳೆಗಾಲದ ಸಮುದ್ರದ ಹೆದರಿಕೆ ಸುಮ್ಮನೆ ಅಲ್ಲ. 1947ರ ಜುಲೈ 17ಕ್ಕೆ ಇದೇ ಭಾವುಚಾ ಧಕ್ಕಾದಿಂದ ಅಲಿಬಾಗ್ ಕಡೆಯ ರೇವಸ್‌ಗೆ ಹೊರಟ ‘ರಾಮದಾಸ್’ ಸ್ಟೀಮರ್ ಮುಳುಗಿತು, ಅಮಾವಾಸ್ಯೆ ಹಬ್ಬಕ್ಕೆ ಊರಿಗೆ ಹೊರಟವರು, 600ಕ್ಕೂ ಹೆಚ್ಚು ಜನ ಹೋದ್ರು. ಸ್ವಾತಂತ್ರ್ಯ ಬರ್ಲಿಕ್ಕೆ ಇನ್ನು ಒಂದು ತಿಂಗಳೂ ಇರ್ಲಿಲ್ಲ.

ಬ್ಯಾಲಾರ್ಡ್ ಪಿಯರಲ್ಲಿ ಈಗ ಕ್ರೂಸ್ ಟರ್ಮಿನಲ್ ಎದ್ದಿದೆ, ಎಸಿ ಗಿಸಿ ಎಲ್ಲ ಉಂಟು. ಹೋದ ಭಾನುವಾರ ಮಗನಿಗೆ ಎರಡರಲ್ಲಿ ಯಾವ್ದು ತೋರಿಸುದು ಅಂತ ಯೋಚಿಸಿ ಕೊನೆಗೆ ಭಾವುಚಾ ಧಕ್ಕಾಕ್ಕೇ ಕರ್ಕೊಂಡು ಹೋದೆ. ಮುತ್ತಜ್ಜ ಇಳಿದ ಜಾಗ ಇದು ಮಗಾ ಅಂದೆ. ಅವ ಮೂಗು ಮುಚ್ಕೊಂಡು ನಿಂತ. ನಾನು ಅರ್ಧ ಗಂಟೆ ಚೌಕಾಸಿ ಮಾಡಿ ಬಂಗುಡೆ ತಗೊಂಡೆ.